ಗ್ಯಾಸು, ಗಂಗೆ, ಬಲಗಡೆಯ ಹೂವು

ಹೆದರಿಕೆ ಎನ್ನುವ ಕಾಯಿಲೆ ನಮ್ಮ ಜನಕ್ಕೆ ಇಲ್ಲ. ಅಮೆರಿಕಕ್ಕೆ ಬಂದ ಕನ್ನಡಿಗರಿಗಂತೂ ಇಲ್ಲವೇ ಇಲ್ಲ. ನಮಗೆ ಗ್ಯಾಸ್ ಆಗುತ್ತದೆ, ಪಿತ್ತ ಏರುತ್ತದೆ, ಉಷ್ಣವಾಗುತ್ತದೆ, ಇಲ್ಲಿಯ ನೀರು ಒಗ್ಗುವುದಿಲ್ಲ. ಎದೆ ಹೊಡೆದುಕೊಂಡರೆ ಕಾಫಿ ಕಾರಣ, ನಿದ್ದೆ ಬಾರದಿದ್ದರೆ ಹಾಸಿಗೆ ಕಾರಣ, ಅಂಗೈ ಬೆವೆತರೆ ಹವೆ ಕಾರಣ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದೆ. ಇಲ್ಲದ ಕಾಯಿಲೆಯನ್ನು ಹೊತ್ತುಕೊಂಡು ನಮ್ಮವರು ವಾರಕ್ಕೊಬ್ಬರಾದರೂ ನನ್ನ ಮನೆಗೆ ಬರುತ್ತಿದ್ದರು, ಅದೂ ಕಾಫಿ ಕುಡಿಯುವ ನೆಪದಲ್ಲಿ. ಅವರಿಂದ ನಾನು ಕಲಿತದ್ದನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ.

ಯಾವ ಡಾಕ್ಟರು?

ಆಗ ನಾವು ಶಾಲೆಯೊಂದರ ಹಾಲನ್ನು ಬಾಡಿಗೆಗೆ ಹಿಡಿದು ಯುಗಾದಿ ಮಾಡುತ್ತಿದ್ದೆವು. ಮೂವತ್ತು ಸಂಸಾರ ಸೇರಿದರೆ ಕಿಕ್ಕಿರಿದ ಜನ ಎಂದು ಊರಿಗೆ ಕಾಗದ ಬರೆಯುತ್ತಿದ್ದ ಕಾಲ. ಡಾಕ್ಟರು ಎಂದು ತಿಳಿದರೆ ಸಾಕು, ಚಿತ್ರಾನ್ನದ ತಟ್ಟೆ ಹಿಡಿದವರು ಮಂಡಿನೋವು ಹೇಳಿಕೊಂಡು ಹತ್ತಿರ ಬರುತ್ತಿದ್ದರು. ಯಾವ ಡಾಕ್ಟರು ಎಂದು ಕೇಳಿದಾಗ ನಾನು ಸೈಕಿಯಾಟ್ರಿಸ್ಟ್ ಎಂದರೆ ತಟ್ಟೆ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಒಬ್ಬ ಮಹನೀಯರು ತಮಗೆ ನಾಲ್ಕು ತಿಂಗಳಿಂದ ನಿದ್ದೆಯಿಲ್ಲ ಎಂದು ಅರ್ಧ ಹೇಳಿದ್ದರು. ನನ್ನ ಕಸುಬು ತಿಳಿದ ಮೇಲೆ ಅಲ್ಲಿಗೇ ನಿಲ್ಲಿಸಿ, ಉಳಿದರ್ಧವನ್ನು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರಿಗೆ ಹೇಳಿದರು.

ಇದನ್ನು ನೋಡಲಾರದೆ ನನ್ನ ಹೆಂಡತಿ ನನಗೆ ಬೇರೆ ಹೆಸರಿಟ್ಟಳು. ಕೇಳಿದವರಿಗೆಲ್ಲ ಅವಳೇ ಮುಂದೆ ಬಿದ್ದು, "ನಮ್ಮನೆಯವರು ನರದ ಡಾಕ್ಟರು" ಎನ್ನತೊಡಗಿದಳು. ನರ ಎಂದರೆ ಮರ್ಯಾದೆಯ ವಸ್ತು, ಯಾರಿಗೆ ಬೇಕಾದರೂ ದುರ್ಬಲವಾಗಬಹುದು. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಪುಡಿ ಹದಿನೈದು ದಿನಕ್ಕೇ ಮುಗಿಯುತ್ತಿತ್ತು.

ಇಷ್ಟೆಲ್ಲ ನಗುವ ನನಗೆ ಆಗ ಒಂದು ಗುಟ್ಟಿತ್ತು. ಆ ಪ್ರಾಂತದಲ್ಲಿ ಹೆದರಿಕೆಯ ಕಾಯಿಲೆ ಪೂರ್ತಿಯಾಗಿ, ಎಲ್ಲ ಲಕ್ಷಣಗಳ ಸಮೇತ ಇದ್ದ ಕನ್ನಡಿಗ ನಾನೇ. ಪರಿಣತ ಎನ್ನಿಸಿಕೊಳ್ಳಲು ನಾವು ಬೋರ್ಡ್ ಪರೀಕ್ಷೆ ಪಾಸು ಮಾಡಬೇಕು, ಅದರಲ್ಲಿ ಮೂವರು ಹಿರಿಯ ವೈದ್ಯರ ಮುಂದೆ ಕುಳಿತು ಬಾಯಲ್ಲಿ ಉತ್ತರ ಹೇಳಬೇಕು. ಅವರು ಕೇಳಿದ ಮೊದಲ ಪ್ರಶ್ನೆ, ಆತಂಕದ ಕಾಯಿಲೆಯ ಲಕ್ಷಣಗಳೇನು ಎಂದು. ನರ್ಸುಗಳಿಗೆ ನಾನೇ ಪಾಠ ಹೇಳುತ್ತಿದ್ದ ವಿಷಯ. ನನ್ನ ಬಾಯಿ ಒಣಗಿತು, ನಾಲಗೆ ಅಂಟಿಕೊಂಡಿತು, ಅಂಗೈ ಬೆವೆತು ಪೆನ್ನು ಜಾರಿತು, ಎದೆಯ ಬಡಿತ ಕಿವಿಯಲ್ಲಿ ಕೇಳಿಸಿತು, ಕಾಲು ತಾನಾಗಿ ನಡುಗಿತು. ಒಂದು ಲಕ್ಷಣವನ್ನೂ ಹೇಳಲಾಗಲಿಲ್ಲ, ಒಂದನ್ನೂ ಬಿಡದೆ ತೋರಿಸಿದೆ. ತೋರಿಸಿದ್ದಕ್ಕೆ ಮಾರ್ಕು ಇರಲಿಲ್ಲ.

ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಅಮೆರಿಕದವರು, ಒಳ್ಳೆಯ ಮನುಷ್ಯ. ಮುಂದಿನ ಚಳಿಗಾಲದಲ್ಲಿ ಮತ್ತೆ ಕೂತುಕೋ ಎಂದರು. ಪಾಸಾದರೆ ಒಂದು ವಾರ್ಡು ನನ್ನ ಕೈಗೆ, ಇಲ್ಲವಾದರೆ ಜೂನ್‌ನಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬೇಕು ಎಂದೂ ಹೇಳಿದರು. ಇನ್ನೊಂದು ವರ್ಷ ನಮ್ಮ ಜನರಿಂದ ಇದನ್ನು ಮುಚ್ಚಿಡಬೇಕಲ್ಲ, ಪರೀಕ್ಷೆ ಏನಾಯಿತು ಎಂದು ಕೇಳಿದವರಿಗೆ ನನ್ನ ಹೆಂಡತಿ ರಿಸಲ್ಟ್ ಇನ್ನೂ ಬಂದಿಲ್ಲ ಎಂದು ಹೇಳುತ್ತಾ ಬಂದಳು. ಯಾರೂ ಅನುಮಾನಪಡಲಿಲ್ಲ. ಎಲ್ಲರೂ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಓದಿ ಬಂದವರು.

ಸುರಂಗದಲ್ಲಿ ಗಂಗೆ

ಧಾರವಾಡದ ಪ್ರೊಫೆಸರರೊಬ್ಬರು ಕೆಂಡಲ್ ಪಾರ್ಕ್‌ನಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಮ್ಯಾನ್‌ಹಟನ್‌ನ ಕಾಲೇಜಿಗೆ ಹೋಗಿಬರುತ್ತಿದ್ದರು. ಬಸ್ಸು ನದಿಯ ಕೆಳಗಿನ ಸುರಂಗಕ್ಕೆ ಇಳಿದ ಕೂಡಲೇ ಅವರಿಗೆ ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದಂತಾಗುವುದು, ಬೆರಳ ತುದಿ ಜುಮ್ಮೆನ್ನುವುದು, ಇವತ್ತಿಗೆ ಮುಗಿಯಿತು ಎನ್ನಿಸುವುದು. ಆಚೆ ಬದಿಯಲ್ಲಿ ಬೆಳಕು ಕಂಡರೆ ಎಲ್ಲ ಮಾಯ. ಮೂರು ಸಲ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿದ್ದರು. ಮೂರು ಸಲವೂ ಹೃದಯ ಚೆನ್ನಾಗಿದೆ ಎಂದುಬಿಟ್ಟರಲ್ಲ ಎಂದು ಅವರಿಗೆ ಬೇಜಾರು.

ನನ್ನ ಮುಂದೆ ಕುಳಿತವರೇ ಮೊದಲು ಒಂದು ಮಾತು ಖಚಿತ ಮಾಡಿದರು. "ಡಾಕ್ಟರ, ನನಗ ಹೆದರಿಕಿ ಇಲ್ಲ. ಗ್ಯಾಸ್ ಅದ. ಆದ್ರ ಆ ಗ್ಯಾಸ್ ಸುರಂಗದಾಗ ಮಾತ್ರ ಬರ್ತದ."

ಬೆಂಕಿ ಇಲ್ಲದಿದ್ದರೂ ಮೈಯೊಳಗೆ ಬೆಂಕಿಯ ಗಂಟೆ ಬಾರಿಸುತ್ತದೆ, ಹತ್ತು ನಿಮಿಷ ಏರಿ ತಾನಾಗಿ ಇಳಿಯುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ, ಓಡಿಹೋಗದೆ ಕೂತಿದ್ದರೆ ದಿನದಿಂದ ದಿನಕ್ಕೆ ಅದರ ಜೋರು ಕಡಿಮೆಯಾಗುತ್ತದೆ ಎಂದು ವಿವರಿಸಿದೆ. ದಡ್ಡ ವಿದ್ಯಾರ್ಥಿಯ ಉತ್ತರ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡರು. ಅವರು ತಮ್ಮ ವ್ಯವಸ್ಥೆ ಆಗಲೇ ಮಾಡಿಕೊಂಡಿದ್ದರು. ಬ್ರೀಫ್‌ಕೇಸಿನಲ್ಲಿ, ಪಾಠದ ಟಿಪ್ಪಣಿಗಳ ಪಕ್ಕದಲ್ಲಿ, ಕಾಶಿಯಿಂದ ತಂದ ಗಂಗೆಯ ಪುಟ್ಟ ತಾಮ್ರದ ತಂಬಿಗೆ. ಬಾಯಿಗೆ ಬೆಸುಗೆ ಹಾಕಿದ್ದು. ಜೊತೆಗೆ ಒಂದು ಲಕೋಟೆಯಲ್ಲಿ ಒಣಗಿದ ತುಳಸಿ. ದಿನಾ ಪಕ್ಕದ ಸೀಟಿನಲ್ಲಿ ಕೂರುವ ಒಬ್ಬ ಅಮೆರಿಕದ ವಿಮಾ ಗುಮಾಸ್ತನಿಗೆ ಎಲ್ಲ ಕಲಿಸಿಟ್ಟಿದ್ದರು. ತಾವು ಕಣ್ಣು ಮುಚ್ಚಿದರೆ ತಂಬಿಗೆಯ ಬೆಸುಗೆ ಒಡೆಯಬೇಕು, ತುಳಸಿ ಹಾಕಿ ಬಾಯಿಗೆ ನೀರು ಬಿಡಬೇಕು, ಕಿವಿಯಲ್ಲಿ ನಾರಾಯಣ ಎನ್ನಬೇಕು. ಆತ ಪುಟ್ಟ ಪುಸ್ತಕದಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡಿದ್ದ. ಅಮೆರಿಕದವರು ಕ್ರಮ ತಪ್ಪುವುದಿಲ್ಲ.

ಒಂದು ಸೋಮವಾರ ಬಸ್ಸು ಸುರಂಗದ ಮಧ್ಯದಲ್ಲಿ ನಿಂತುಬಿಟ್ಟಿತು. ಪ್ರೊಫೆಸರರು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. ಗುಮಾಸ್ತ ಪುಸ್ತಕ ತೆಗೆದು ನೋಡಿಕೊಂಡ, ಜೇಬಿನ ಚಾಕುವಿನಿಂದ ಬೆಸುಗೆ ಕಿತ್ತ, ತುಳಸಿ ಹಾಕಿದ, ಇಡೀ ತಂಬಿಗೆಯನ್ನು ಬಾಯಿಗೆ ಬಗ್ಗಿಸಿ ಕಿವಿಯಲ್ಲಿ ನಾರಾಯಣ ಎಂದು ಕೂಗಿದ. ಪ್ರೊಫೆಸರರು ಕೆಮ್ಮುತ್ತಾ ಎದ್ದುನಿಂತು ಧಾರವಾಡದ ಭಾಷೆಯಲ್ಲಿ ಬಾಯಿಗೆ ಬಂದದ್ದು ಬೈದರು. ಸತ್ತವನನ್ನು ಎಬ್ಬಿಸುವ ಭಾರತೀಯ ವೈದ್ಯವನ್ನು ಕಣ್ಣಾರೆ ಕಂಡೆವೆಂದು ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಮುಂದಿನ ವಾರ ಬಂದಾಗ ಅವರ ಮುಖ ನಿರಾಳವಾಗಿತ್ತು. ಸುರಂಗದಲ್ಲಿ ಈಗ ಪೇಪರ್ ಓದುತ್ತೇನೆ ಎಂದರು. ನನ್ನ ಮಾತು ನಾಟಿತೆಂದು ನಾನು ಒಳಗೊಳಗೇ ಹಿಗ್ಗಿ, ಹೇಗೆ ಗುಣವಾಯಿತು ಎಂದು ಕೇಳಿದೆ.

"ಈಗ ಸಾಯಲಿಕ್ಕೆ ಬರೂದಿಲ್ಲ ನೋಡ್ರಿ," ಎಂದರು. "ಗಂಗಿ ಖಾಲಿ ಆಗ್ಯದ. ಊರಿಂದ ಇನ್ನೊಂದು ತಂಬಗಿ ಬರೂತನಕ ಬದುಕೇ ಇರಬೇಕು."

ತಾಯಿಯ ತಪ್ಪು

ಆ ಕಾಲದಲ್ಲಿ ಅಮೆರಿಕದ ಮನೋವೈದ್ಯರಿಗೆ ಎಲ್ಲ ಹೆದರಿಕೆಗೂ ಕಾರಣ ಗೊತ್ತಿತ್ತು. ತಾಯಿ. ನಮ್ಮ ದೊಡ್ಡ ಡಾಕ್ಟರಂತೂ ರೋಗಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ತಾಯಿಯ ವಿಚಾರಕ್ಕೆ ಬರುತ್ತಿದ್ದರು.

ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ಒಬ್ಬ ಹಿರಿಯಮ್ಮನನ್ನು ಸೊಸೆ ಆಸ್ಪತ್ರೆಗೆ ಕರೆತಂದಳು. ಕೈ ತೊಳೆದದ್ದೇ ತೊಳೆದದ್ದು, ಚರ್ಮ ಸುಲಿದು ಹೋಗಿತ್ತು. ಇದು ಅವರ ಧರ್ಮದ ಪದ್ಧತಿಯಲ್ಲವೇ ಎಂದು ದೊಡ್ಡ ಡಾಕ್ಟರು ನನ್ನನ್ನು ಕೇಳಿದರು. ಮಡಿಗೂ ಕಾಯಿಲೆಗೂ ಗೆರೆ ಎಲ್ಲಿ ಎಳೆಯುವುದು ಎಂದು ನಾನು ಇಂಗ್ಲಿಷಿನಲ್ಲಿ ತಡಕಾಡುತ್ತಿರುವಾಗ ಆಕೆಯೇ ನನಗೆ ಹೇಳಿದರು: "ಮಡಿ ಊಟ ಆದ್ಮೇಲೆ ಮುಗಿಯತ್ತಪ್ಪಾ. ಇದು ಮುಗಿಯೋದೇ ಇಲ್ಲ. ಶುದ್ಧವಾಯ್ತು ಅಂತ ಕೈಗೆ ಗೊತ್ತು, ಮನಸ್ಸು ಒಪ್ಪಲ್ಲ."

ನಾನು ಅದನ್ನು ಹಾಗೇ ಅನುವಾದಿಸಿದೆ. ಇಷ್ಟು ಚೆನ್ನಾಗಿ ಹೇಳುವವನು ಪರೀಕ್ಷೆಯಲ್ಲಿ ಯಾಕೆ ಮೂಕನಾದೆ ಎಂದು ದೊಡ್ಡ ಡಾಕ್ಟರು ಗೊಣಗಿ, ಎಂದಿನಂತೆ ತಾಯಿಯ ಬಗ್ಗೆ ಕೇಳಲು ಹೇಳಿದರು.

"ತಾಯೀನಾ?" ಎಂದು ಆಕೆ ಆಶ್ಚರ್ಯಪಟ್ಟರು. "ಪಾಪ, ಅವರೇನು ಮಾಡಿದ್ರು. ನಮ್ಮತ್ತೆ ವಿಚಾರ ಕೇಳಿ ಅನ್ನಪ್ಪ."

ಕೇಳಿದೆವು. ಮುಕ್ಕಾಲು ಗಂಟೆ ಹೇಳಿದರು. ಹದಿನಾಲ್ಕು ವರ್ಷಕ್ಕೆ ಮದುವೆಯಾಗಿ ಬಂದದ್ದು, ಮುಟ್ಟಿದ್ದಕ್ಕೆಲ್ಲ ಮೈಲಿಗೆ ಎಂದು ಅತ್ತೆ ಪಾತ್ರೆಯನ್ನು ಮತ್ತೆ ತೊಳೆಸುತ್ತಿದ್ದದ್ದು, ಅತ್ತೆ ಸತ್ತು ಇಪ್ಪತ್ತು ವರ್ಷವಾದರೂ ಹಿಂದೆ ನಿಂತು ನೋಡುತ್ತಿರುವಂತೆ ಅನ್ನಿಸುವುದು. ದೊಡ್ಡ ಡಾಕ್ಟರು ನಾಲ್ಕು ಪುಟ ಬರೆದುಕೊಂಡರು, ಕೊನೆಯಲ್ಲಿ ಪೆನ್ನು ಕೆಳಗಿಟ್ಟು, ಮೂವತ್ತು ವರ್ಷ ನಾನು ತಪ್ಪು ಹೆಂಗಸನ್ನು ವಿಚಾರಿಸುತ್ತಿದ್ದೆ ಎಂದರು.

ಚಳಿಗಾಲದ ಧೈರ್ಯ

ಬ್ರಿಡ್ಜ್‌ವಾಟರ್ ಕಡೆಯ ಔಷಧ ಕಾರ್ಖಾನೆಯೊಂದರಲ್ಲಿ ನಮ್ಮವರೊಬ್ಬರು ಎಂಜಿನಿಯರಾಗಿದ್ದರು. ಅವರಿಗೆ ಇಂಥದೇ ಹೆದರಿಕೆ ಎಂದಿರಲಿಲ್ಲ, ಸಿಕ್ಕಿದ್ದೆಲ್ಲ ಆಗುತ್ತಿತ್ತು. ಮಗಳು ಕೆಮ್ಮಿದರೆ ನ್ಯುಮೋನಿಯ. ಬಾಸು ಗುಡ್ ಮಾರ್ನಿಂಗ್ ಅನ್ನದಿದ್ದರೆ ಕೆಲಸ ಹೋಯಿತು. ಕಾರಿನಲ್ಲಿ ಕಟಕಟ ಎಂದರೆ ರೂಟ್ ಒನ್ ಹೆದ್ದಾರಿಯಲ್ಲಿ ಅಪಘಾತ. ಕುತ್ತಿಗೆ ಸೆಟೆದು, ಹೊಟ್ಟೆ ಉರಿದು, ಹಲ್ಲು ಕಡಿದೂ ಕಡಿದೂ ದವಡೆ ನೋಯಿಸಿಕೊಂಡಿದ್ದರು. ಅವರ ಹೆಂಡತಿ ನನ್ನ ಹೆಂಡತಿಗೆ ಫೋನು ಮಾಡಿ ಒಂದು ವಿಚಿತ್ರ ಹೇಳಿದರಂತೆ: ತಮ್ಮ ಯಜಮಾನರು ಚಳಿಗಾಲದಲ್ಲಿ ಧೈರ್ಯಶಾಲಿ, ಬೇಸಿಗೆಯಲ್ಲಿ ಪುಕ್ಕಲು.

ನಿಜವೇ ಆಗಿತ್ತು. ಬಾಡಿಗೆಗಿದ್ದ ಮನೆಯನ್ನೇ ಕೊಂಡದ್ದು ಡಿಸೆಂಬರಿನಲ್ಲಿ. ಎರಡನೆಯ ಕಾರು, ಮಗಳಿಗೆ ಪಿಯಾನೋ, ಬಾಗಿಲಿಗೆ ಬಂದವನಿಂದ ಇಪ್ಪತ್ತನಾಲ್ಕು ಸಂಪುಟದ ವಿಶ್ವಕೋಶ, ಎಲ್ಲ ಜನವರಿಯಲ್ಲಿ. ಜುಲೈನಲ್ಲಿ ಮಾತ್ರ ಬಡ್ತಿ ಬೇಡ ಎಂದಿದ್ದರು, ಊರಿಗೆ ಹೋಗುವ ಟಿಕೆಟ್ಟು ವಾಪಸು ಮಾಡಿದ್ದರು, ನೋಯುತ್ತಿದ್ದ ಹಲ್ಲನ್ನು ಕೀಳಿಸಲೂ ಒಪ್ಪಿರಲಿಲ್ಲ. ಋತುವಿನ ಪ್ರಕಾರ ಬದಲಾಗುವ ಆತಂಕ ಎಂದರೆ ಅಪರೂಪ, ಪತ್ರಿಕೆಗೆ ಲೇಖನ ಬರೆಯೋಣ ಎಂದು ನಮ್ಮ ದೊಡ್ಡ ಡಾಕ್ಟರು ಕುಣಿದಾಡಿದರು.

ಜನವರಿಯಲ್ಲಿ ನಾನು ಅವರ ಮನೆಗೆ ಹೋದೆ. ಯಾವುದಾದರೂ ತೀರ್ಮಾನ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ಸಂಕೋಚದಿಂದ ಪುಟ್ಟ ದೇವರ ಕೋಣೆಗೆ ಕರೆದೊಯ್ದರು. ಹೂ ಪ್ರಸಾದ ಕೇಳುತ್ತಿದ್ದರು. ಸೂಪರ್‌ಮಾರ್ಕೆಟ್ಟಿನ ಸೇವಂತಿಗೆಯನ್ನು ನೀರಲ್ಲಿ ಅದ್ದಿ ದೇವರ ಪಟದ ನೆತ್ತಿಗೆ ಅಂಟಿಸುವುದು, ಕಣ್ಮುಚ್ಚಿ ನಿಲ್ಲುವುದು. ದೇವರ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದರೆ ಅದು ಭಕ್ತಿ. ಇವರು ಖಾತ್ರಿ ಮಾಡಿಕೊಳ್ಳಲು ಒಂದೇ ಪ್ರಶ್ನೆಯನ್ನು ದಿನಕ್ಕೆ ಒಂಬತ್ತು ಸಲ ಕೇಳುತ್ತಿದ್ದರು. ಕಾಯಿಲೆ ಇದ್ದದ್ದು ಅಲ್ಲಿ.

ನಾನು ನೋಡುತ್ತಿರುವಾಗಲೇ ನೆಲಮಾಳಿಗೆಯಲ್ಲಿ ಹೀಟರು ಗುಡುಗಿತು. ದೇವರ ಎಡಗಡೆಯ ಗೋಡೆಯಲ್ಲಿ, ಸರಿಯಾಗಿ ಪಟದ ಎತ್ತರಕ್ಕೆ, ಬಿಸಿಗಾಳಿಯ ಕಿಂಡಿ. ಗಾಳಿ ಭರ್ರೆಂದು ಬಂತು, ಹೂವು ಬಲಕ್ಕೆ ಬಿತ್ತು. ಅದರ ಎದುರಿಗೆ, ದೇವರ ಬಲಗಡೆಯ ಕಿಟಕಿಯಲ್ಲಿ, ಬೇಸಿಗೆಯ ಏರ್‌ಕಂಡಿಷನರು ಬಟ್ಟೆ ಹೊದ್ದು ಕೂತಿತ್ತು.

ನಾನು ಕಿಂಡಿಗೆ ಕೈ ಒಡ್ಡಿ ತೋರಿಸಿದೆ. ಅವರೂ ಕೈ ಒಡ್ಡಿ ನೋಡಿದರು. ಕಾರ್ಖಾನೆಯಲ್ಲಿ ನಿಮ್ಮ ಕೆಲಸ ಏನು ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ.

"ಗಾಳಿ," ಎಂದರು ತಲೆ ತಗ್ಗಿಸಿ. "ಮಾತ್ರೆ ಮೇಲೆ ಧೂಳು ಬೀಳದ ಹಾಗೆ ಗಾಳಿ ಯಾವ ಕಡೆ ಬೀಸಬೇಕು ಅಂತ ಲೆಕ್ಕ ಹಾಕೋದು."

ಬೇಡ ಎಂದ ಹೂವು

ಆ ಎಂಜಿನಿಯರಿಗೆ ನಾನು ಹೇಳಿದ ಔಷಧ ಒಂದೇ. ಯಾವುದಕ್ಕೆ ಹೆದರಿಕೆಯೋ ಅದನ್ನೇ ಬೇಕೆಂದು ದಿನಾ ಸ್ವಲ್ಪ ಮಾಡಿ, ಮತ್ತೆ ಮತ್ತೆ ಕೇಳಬೇಡಿ, ಖಾತ್ರಿಯಿಲ್ಲದೆ ಬದುಕಲು ಕಲಿಯಿರಿ ಎಂದೆ. ಅವರು ಶ್ರದ್ಧೆಯಿಂದ ನಡೆಸಿದರು. ಇನ್ನೊಬ್ಬರಿಗೆ ಹೇಳುವುದು ಸುಲಭ. ಮುಂದಿನ ತಿಂಗಳ ಒಂದು ಸೋಮವಾರ ನನ್ನ ಎರಡನೆಯ ಪರೀಕ್ಷೆ ಇತ್ತು. ಅದು ಹತ್ತಿರವಾದ ಹಾಗೆ ನನಗೆ ಅನ್ನ ಸೇರುತ್ತಿರಲಿಲ್ಲ, ಪ್ರವೇಶಪತ್ರ ಜೇಬಿನಲ್ಲಿದೆಯೇ ಎಂದು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಹಿಂದಿನ ಶನಿವಾರ ಮಧ್ಯಾಹ್ನ ರೋಗಿಯನ್ನು ನೋಡಿಬರುತ್ತೇನೆಂದು ಹೆಂಡತಿಗೆ ಹೇಳಿ ಎಂಜಿನಿಯರ ಮನೆಗೆ ಕಾರು ಬಿಟ್ಟೆ. ಅವರು ಹೊರಗೆ ಡ್ರೈವ್‌ವೇಯ ಹಿಮ ಎತ್ತಿಹಾಕುತ್ತಿದ್ದರು, ಅವರ ಹೆಂಡತಿ ಅಡುಗೆಮನೆಯಲ್ಲಿ ಕಾಫಿಗಿಟ್ಟಿದ್ದರು. ದೇವರಿಗೆ ನಮಸ್ಕಾರ ಮಾಡಿ ಬರುತ್ತೇನೆ ಎಂದೆ. ಪ್ಯಾಸೇಜಿನ ಗೋಡೆಯಲ್ಲಿದ್ದ, ಹೀಟರಿಗೆ ಅಪ್ಪಣೆ ಕೊಡುವ ಥರ್ಮೋಸ್ಟಾಟನ್ನು ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ತಿರುಗಿಸಿದೆ. ಹೀಟರು ಗುಡುಗಿತು. ಹೂವು ಅದ್ದಿ ನೆತ್ತಿಗಿಟ್ಟು ಕಣ್ಮುಚ್ಚಿ, ಸೋಮವಾರ ಪಾಸಾಗುತ್ತೇನೆಯೇ ಎಂದು ಕೇಳಿದೆ. ವಿಜ್ಞಾನ ಓದಿದವನು, ಗಾಳಿ ಯಾವ ಕಡೆಯಿಂದ ಬರುತ್ತದೆಂದು ಕಂಡುಹಿಡಿದವನೇ ನಾನು. ಆದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕಾದೆ.

ಹೂವು ಎಡಕ್ಕೆ ಬಿತ್ತು.

ಇನ್ನೊಮ್ಮೆ ಇಟ್ಟೆ, ಮತ್ತೆ ಎಡ. ಮೂರನೆಯ ಸಲ ಇಡುವಾಗ ಬಾಗಿಲಲ್ಲಿ ಎಂಜಿನಿಯರು ನಿಂತಿದ್ದರು, ಕೈಯಲ್ಲಿ ಹಿಮದ ಸಲಿಕೆ.

ನಾಚಿಕೆಪಡಬೇಡಿ ಎಂದು ಅವರೇ ಸಮಾಧಾನ ಮಾಡಿ ಕಿಂಡಿ ತೋರಿಸಿದರು. ಅದಕ್ಕೊಂದು ಬಾಗಿದ ಪ್ಲಾಸ್ಟಿಕ್ ತಡೆ ಕೂರಿಸಿದ್ದರು. ಗಾಳಿ ಆಚೆ ಗೋಡೆಗೆ ಬಡಿದು ಹಿಂದಿರುಗಿ ಬರುತ್ತಿತ್ತು.

"ಹೆದರಿಕೆಯಾಗೋದನ್ನೇ ಮಾಡಿ ಅಂತ ನೀವೇ ಹೇಳಿದ್ರಲ್ಲ ಡಾಕ್ಟ್ರೇ," ಎಂದರು. "ಅದಕ್ಕೇ ಯಾವಾಗ ಕೇಳಿದ್ರೂ ಬೇಡ ಅನ್ನೋ ಹಾಗೆ ತಿರುಗಿಸಿದೀನಿ. ಬೇಡ ಅಂತ ಬಿದ್ದಮೇಲೂ ದಿನಾ ಒಂದು ಕೆಲಸ ಮಾಡ್ತೀನಿ. ಮೊನ್ನೆ ಹಲ್ಲು ಕೀಳಿಸಿದೆ."

ಆಮೇಲೆ ಸಲಿಕೆ ಗೋಡೆಗೊರಗಿಸಿ, ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಾವು ಎದುರು ಕೂತು, ನಾನು ಕೇಳುವ ಧಾಟಿಯಲ್ಲೇ ಕೇಳಿದರು: "ಎಷ್ಟು ದಿನದಿಂದ ಹೀಗಾಗ್ತಿದೆ?"

"ಏನಿಲ್ಲ," ಎಂದೆ. "ಸ್ವಲ್ಪ ಗ್ಯಾಸು."

ಅವರು ನಗಲಿಲ್ಲ, ಕಾದರು. ಕಾಯುವುದನ್ನೂ ನನ್ನಿಂದಲೇ ಕಲಿತಿದ್ದರು. ಕೊನೆಗೆ ಎಲ್ಲ ಹೇಳಿದೆ, ಫೇಲಾದದ್ದು, ರಿಸಲ್ಟ್ ಬಂದಿಲ್ಲವೆಂದು ಸುಳ್ಳು ಹೇಳಿಕೊಂಡು ತಿರುಗಿದ್ದು, ಜೂನ್‌ನಲ್ಲಿ ಕೆಲಸ ಹೋಗಬಹುದೆಂಬುದು. ಒಬ್ಬ ಕನ್ನಡಿಗನಿಗೆ ನನಗೆ ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಸಿವಾಯಿತು. ಎರಡು ತಟ್ಟೆ ಉಪ್ಪಿಟ್ಟು ತಿಂದೆ.

ಸೋಮವಾರ ಮೂವರು ಪರೀಕ್ಷಕರ ಮುಂದೆ ಕೂತೆ. ಬೇರೆ ಮುಖಗಳು, ಪ್ರಶ್ನೆ ಮಾತ್ರ ಹಳೆಯದೇ, ಆತಂಕದ ಕಾಯಿಲೆಯ ಲಕ್ಷಣ ಮತ್ತು ಕಾರಣ ಹೇಳಿ ಎಂದು. ಬಾಯಿ ಒಣಗಿತು. ಹೂವು ಹೇಗೂ ಬೇಡ ಎಂದಾಗಿದೆ, ಇನ್ನೇನು ಕಳೆದುಕೊಳ್ಳುವುದಿದೆ ಎನ್ನಿಸಿತು. ನನ್ನ ರೋಗಿಯೊಬ್ಬರ ವಿಷಯ ಹೇಳುತ್ತೇನೆ, ಅವರೂ ಡಾಕ್ಟರೇ ಎಂದು ಶುರುಮಾಡಿದೆ. ಒಣಗುವ ನಾಲಗೆ, ಬೆವರುವ ಅಂಗೈ, ಸೇರದ ಅನ್ನ, ಗಂಟೆಗೊಮ್ಮೆ ಮುಟ್ಟಿ ನೋಡುವ ಜೇಬು, ಎಂಬತ್ತಕ್ಕೆ ತಿರುಗಿಸಿದ ಥರ್ಮೋಸ್ಟಾಟು, ಎಡಕ್ಕೆ ಬಿದ್ದ ಹೂವು, ಒಂದನ್ನೂ ಬಿಡಲಿಲ್ಲ. ಖಾತ್ರಿ ಬೇಕೆಂಬ ಹಂಬಲವೇ ಹೆದರಿಕೆಯನ್ನು ಸಾಕುತ್ತದೆ ಎಂದು ಮುಗಿಸಿದೆ.

ಮೂವರಲ್ಲಿ ಹಿರಿಯರು ಕನ್ನಡಕ ತೆಗೆದು ನನ್ನ ನಡುಗುತ್ತಿದ್ದ ಮಂಡಿಯನ್ನು ನೋಡಿದರು. ಆ ರೋಗಿ ಈಗ ಹೇಗಿದ್ದಾರೆ ಎಂದು ಕೇಳಿದರು.

"ಅದು ನಿಮ್ಮ ಕೈಯಲ್ಲಿದೆ ಸಾರ್," ಎಂದೆ.

ಅವರು ನಕ್ಕರು, ಇವತ್ತು ಚೆನ್ನಾಗಿ ನಿದ್ದೆ ಮಾಡಲು ಅವರಿಗೆ ಹೇಳಿ ಎಂದು ಕೈಕುಲುಕಿ ಕಳಿಸಿದರು.

ಪಾಸಾದೆನೆಂಬ ಕಾಗದ ಬಂತು, ವಾರ್ಡೂ ನನ್ನ ಕೈಗೆ ಬಂತು. ಆದರೆ ಕಾಗದ ಬರಲು ಆರು ವಾರ ಹಿಡಿಯಿತು. ನಿದ್ದೆ ಮಾಡಲಿ ಎಂದದ್ದಕ್ಕೆ ಅರ್ಥ ಪಾಸು ಎಂದೋ ಬರೀ ಸಮಾಧಾನವೋ ಎಂದು ಆ ಆರು ವಾರ ನಾನು ಹೆಂಡತಿಯನ್ನು ಬೆಳಿಗ್ಗೆ ಕೇಳಿದೆ, ಊಟಕ್ಕೆ ಕೂತಾಗ ಕೇಳಿದೆ, ಅವಳು ಪಾತ್ರೆ ತೊಳೆಯುವಾಗ ಕೇಳಿದೆ. ಪಾಸು ಎಂದೇ ಅರ್ಥ ಎಂದು ಅವಳು ಪ್ರತಿ ಸಲವೂ ಹೇಳಿದಳು. ಐದನೆಯ ವಾರ ಸೂಪರ್‌ಮಾರ್ಕೆಟ್ಟಿನಿಂದ ಬಂದವಳು ಚೀಲದಿಂದ ಒಂದು ಕಟ್ಟು ಸೇವಂತಿಗೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಇನ್ನು ಇದನ್ನ ಕೇಳಿ," ಎಂದಳು. "ನಂಗೆ ಅಡುಗೆ ಇದೆ."